ರಿಶಿರಿ ದ್ವೀಪಕ್ಕೆ ಒಂದು ದಿನ ಸಾಕಾ?

ಪ್ರಶ್ನೆ: ಜುಲೈ ಕೊನೆಯ ವಾರ ನಾನು, ನನ್ನ ಹೆಂಡತಿ, 68 ವರ್ಷದ ಅಮ್ಮ ಜಪಾನಿನ ಹೊಕ್ಕೈಡೊಗೆ ಹೋಗುತ್ತಿದ್ದೇವೆ. ಅದರ ಉತ್ತರ ತುದಿಯ ಹತ್ತಿರ ರಿಶಿರಿ ಎಂಬ ಜ್ವಾಲಾಮುಖಿ ದ್ವೀಪ ಇದೆಯಂತೆ. ವಾಕ್ಕನಾಯ್ ಊರಿಂದ ಬೆಳಿಗ್ಗೆ ಹಡಗು ಹತ್ತಿ ಸಂಜೆ ವಾಪಸ್ ಬಂದರೆ ಸಾಕಾ? ಜ್ವಾಲಾಮುಖಿ ಅಂದರೆ ಅಪಾಯ ಇಲ್ವಾ? ನಾನು ಕುಮಾರ ಪರ್ವತ ಎರಡು ಸಲ ಹತ್ತಿದ್ದೇನೆ, ಈ ಬೆಟ್ಟವನ್ನೂ ಹತ್ತುವ ಆಸೆ ಇದೆ. ಅಮ್ಮ ಶುದ್ಧ ಸಸ್ಯಾಹಾರಿ. ಅವರಿಗೆ ನೋಡಲು, ತಿನ್ನಲು ಅಲ್ಲಿ ಏನಾದರೂ ಸಿಗುತ್ತದಾ? (ಮೈಸೂರಿನ ಓದುಗರು)

ಉತ್ತರ: ಒಂದು ದಿನ ಸಾಲದು. ಎರಡು ರಾತ್ರಿ ಉಳಿಯಿರಿ. ಅದಕ್ಕೆ ಹೊಕ್ಕೈಡೊದಲ್ಲಿ ಬೇರೆ ಒಂದು ಊರನ್ನು ಕೈಬಿಡಬೇಕಾದರೂ ಬಿಡಿ.

ಹೀಗೆ ಹೇಳಲು ಕಾರಣ ನನ್ನದೇ ಪೆದ್ದುತನ. ಮೊದಲ ಸಲ ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ. ಬೆಳಗಿನ ಹಡಗಿನಲ್ಲಿ ಹೋಗಿ ಇಳಿದರೆ ಮೋಡ ಮನೆಗಳ ಚಾವಣಿಗಿಂತ ಸ್ವಲ್ಪವೇ ಮೇಲೆ ಕೂತಿತ್ತು. ಇಡೀ ದಿನ ಬಸ್ಸಿನಲ್ಲಿ ದ್ವೀಪ ಸುತ್ತಿದೆ. ಕಪ್ಪು ಕಲ್ಲು, ಬೂದು ಸಮುದ್ರ, ಒದ್ದೆ ಹುಲ್ಲು ಕಂಡಿತು. ಬೆಟ್ಟ ಇದೆ ಅನ್ನುವುದನ್ನು ಬರೀ ನಂಬಬೇಕಿತ್ತು. ಸಂಜೆಯ ಹಡಗು ಬಿಟ್ಟು ಅರ್ಧ ಗಂಟೆ ಆಗಿರಬೇಕು, ಡೆಕ್ಕಿನ ಮೇಲಿದ್ದವರೆಲ್ಲ ಒಮ್ಮೆಲೇ ಹಿಂಭಾಗಕ್ಕೆ ಓಡಿದರು. ಮೋಡ ಹರಿದಿತ್ತು. ಬುಡದಿಂದ ತುದಿಯವರೆಗೆ ಇಡೀ ಬೆಟ್ಟ ಸಮುದ್ರದ ನೀರಿನಿಂದ ನೇರವಾಗಿ ಎದ್ದು ನಿಂತಿತ್ತು. ಹೀಗೆ ನನಗೆ ರಿಶಿರಿಯ ಮೊದಲ ದರ್ಶನ ಆದದ್ದು ರಿಶಿರಿ ಬಿಟ್ಟ ಮೇಲೆ.

ಆ ದ್ವೀಪ ಅಂದರೆ ಆ ಬೆಟ್ಟವೇ, ಬೇರೇನೂ ಇಲ್ಲ. ಸುಮಾರು 182 ಚದರ ಕಿಲೋಮೀಟರಿನ, ಹೆಚ್ಚುಕಡಿಮೆ ದುಂಡನೆಯ ನೆಲ. ನಡುವೆ 1,721 ಮೀಟರ್ ಎತ್ತರದ ರಿಶಿರಿ ಬೆಟ್ಟ. ಮನೆ, ಶಾಲೆ, ಅಂಗಡಿ, ಬಂದರು ಎಲ್ಲವೂ ಬೆಟ್ಟದ ಸೆರಗಿನ ಅಂಚಿಗೆ ಹೊಲಿದ ಹಾಗೆ ಕಡಲ ದಂಡೆಯಲ್ಲೇ ಇವೆ. ದಂಡೆಯಗುಂಟ ಒಂದು ಸುತ್ತು ಬಂದರೆ 60 ಕಿಲೋಮೀಟರ್ ಚಿಲ್ಲರೆ. ಆ ಭಾಗದ ಮೂಲ ನಿವಾಸಿಗಳಾದ ಐನು ಜನರ ಭಾಷೆಯಲ್ಲಿ ‘ರಿ’ ಅಂದರೆ ಎತ್ತರ, ‘ಶಿರಿ’ ಅಂದರೆ ನೆಲ, ದ್ವೀಪ. ಬೆಟ್ಟ ಕಾಣದಿದ್ದರೆ ದ್ವೀಪಕ್ಕೆ ಹೋದದ್ದಕ್ಕೆ ಅರ್ಥವಿಲ್ಲ. ಬೆಟ್ಟ ಯಾವಾಗ ಕಾಣುತ್ತದೆ ಅನ್ನುವುದು ಮೋಡದ ಮರ್ಜಿ. ಎರಡು ರಾತ್ರಿ ಇದ್ದರೆ ಮೂರು ಹಗಲು ಕೈಗೆ ಸಿಗುತ್ತವೆ. ಅದರಲ್ಲಿ ಒಂದು ಬೆಳಗಾದರೂ ತೆರೆದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಜ್ವಾಲಾಮುಖಿಯ ಭಯ ಬೇಡ. ಕಳೆದ 10,000 ವರ್ಷಗಳಲ್ಲಿ ಒಮ್ಮೆಯಾದರೂ ಸಿಡಿದಿರುವ ಎಲ್ಲವನ್ನೂ ಜಪಾನಿನ ಹವಾಮಾನ ಇಲಾಖೆ ‘ಸಕ್ರಿಯ’ ಪಟ್ಟಿಗೆ ಸೇರಿಸುತ್ತದೆ. ಆ ಲೆಕ್ಕದಲ್ಲಿ ರಿಶಿರಿಯೂ ಸಕ್ರಿಯ. ಆದರೆ ಕೆಲವು ಸಾವಿರ ವರ್ಷಗಳಿಂದ ಅದು ತಣ್ಣಗೆ ಮಲಗಿದೆ. ಹೊಗೆ ಇಲ್ಲ, ಗಂಧಕದ ವಾಸನೆ ಇಲ್ಲ. ಸುಮಾರು 2 ಲಕ್ಷ ವರ್ಷಗಳ ಹಿಂದೆ ಕಡಲಲ್ಲಿ ಕಟ್ಟಲು ಶುರುವಾದ ಬೆಟ್ಟವನ್ನು ಮಳೆ, ಗಾಳಿ, ಹಿಮ ಎಷ್ಟು ಕೆರೆದಿವೆ ಅಂದರೆ ತುದಿಯಲ್ಲಿ ಜ್ವಾಲಾಮುಖಿಯ ಬಾಯಿಯೇ ಉಳಿದಿಲ್ಲ. ಮೆದು ಮಣ್ಣೆಲ್ಲ ಕೊಚ್ಚಿಹೋಗಿ, ಒಳಗೆ ಗಟ್ಟಿಯಾಗಿದ್ದ ಲಾವಾ ಕಂಬದ ಹಾಗೆ ನಿಂತಿದೆ. ಅಂಥದ್ದೊಂದಕ್ಕೆ ‘ಮೇಣದಬತ್ತಿ ಬಂಡೆ’ ಅಂತಲೇ ಹೆಸರು. ಹೊಗೆಯಾಡುವ ಬೆಟ್ಟ ನೋಡಲೇಬೇಕಾದರೆ ಹೊಕ್ಕೈಡೊದ ನಡುಭಾಗದಲ್ಲಿ ತೊಕಾಚಿ ಇದೆ, ಅಸಾಹಿ ಇದೆ. ಅಲ್ಲಿ ನೋಡಿಕೊಳ್ಳಿ.

ಇಲ್ಲಿ ಬೆಂಕಿಗಿಂತ ನೀರಿನ ಕಥೆ ಚೆನ್ನಾಗಿದೆ. ಇಷ್ಟು ಮಳೆ, ಇಷ್ಟು ಹಿಮ ಬೀಳುವ ಬೆಟ್ಟದಲ್ಲಿ ಹೇಳಿಕೊಳ್ಳುವಂಥ ಹೊಳೆಯೇ ಇಲ್ಲ. ಬಿದ್ದದ್ದೆಲ್ಲ ಲಾವಾದ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಎಷ್ಟೋ ವರ್ಷ ಒಳಗೇ ಸೋಸಿ, ಬೆಟ್ಟದ ಬುಡದಲ್ಲಿ ಒಸರುತ್ತದೆ. ಒಂದಿಷ್ಟು ಸಮುದ್ರದ ಅಡಿಯಲ್ಲೇ ಬುಗ್ಗೆಯಾಗಿ ಏಳುತ್ತದೆ. ಉತ್ತರದ ಬದಿಯಲ್ಲಿ, ಬೆಟ್ಟ ಹತ್ತುವ ದಾರಿಯ ಆರಂಭದಲ್ಲೇ ಕಾನ್ರೊಸೆನ್ಸುಯ್ ಎಂಬ ಊಟೆ ಇದೆ. 1985ರಲ್ಲಿ ಜಪಾನ್ ಸರ್ಕಾರ ಆರಿಸಿದ 100 ಉತ್ತಮ ನೀರಿನ ತಾಣಗಳಲ್ಲಿ ಇದೂ ಒಂದು. ವಾಹನ ನಿಲ್ಲಿಸುವ ಜಾಗದಿಂದ ಹತ್ತು ನಿಮಿಷದ ನಡಿಗೆ, ದಾರಿಯೂ ಸಲೀಸು. ಅಮ್ಮ ಆರಾಮಾಗಿ ಹೋಗಬಹುದು. ಜುಲೈಯಲ್ಲೂ ಆ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಒಂದು ಬಾಟಲಿ ತುಂಬಿಕೊಳ್ಳಿ.

ಊರಿನ ಜನ ಮಾತ್ರ ಬೆಟ್ಟಕ್ಕಿಂತ ಜಾಸ್ತಿ ಮಾತಾಡುವುದು ಕೊಂಬು ಬಗ್ಗೆ. ಕೊಂಬು ಅಂದರೆ ಕಡಲಪಾಚಿ. ಒಂದೊಂದು ಎಲೆಯೂ ಆಳುದ್ದ ಬೆಳೆಯುತ್ತದೆ. ಎರಡನೇ ವರ್ಷದ್ದನ್ನು ಮಾತ್ರ ಕೊಯ್ಯುತ್ತಾರೆ. ಕಾಲ ಜುಲೈ, ಆಗಸ್ಟ್. ನಿಮ್ಮ ಸಮಯ ಸರಿಯಾಗಿಯೇ ಇದೆ. ಒಂದು ದಿನ ಬೇಗ ಎದ್ದು ದಂಡೆಯ ಕಡೆ ಹೋಗಿ. ಜುಲೈ ಕೊನೆಗೆ ಅಲ್ಲಿ 4 ಗಂಟೆಗೆಲ್ಲ ಸೂರ್ಯ ಹುಟ್ಟುತ್ತಾನೆ. ದಿನ ಚೆನ್ನಾಗಿದ್ದರೆ ಅಷ್ಟು ಹೊತ್ತಿಗೆ ಇಡೀ ಊರು ಎದ್ದಿರುತ್ತದೆ. ದೋಣಿಯಿಂದ ಇಳಿದ ಕೊಂಬನ್ನು ದುಂಡು ಕಲ್ಲು ಹಾಸಿದ ಬಯಲಿನಲ್ಲಿ ಹರಡುತ್ತಾರೆ. ನಾನು ಕಂಡ ಒಬ್ಬ ಅಜ್ಜಿ ತಲೆಗೆ ಬಟ್ಟೆ ಕಟ್ಟಿಕೊಂಡು, ಬೆನ್ನು ಬಾಗಿಸಿ, ಒಂದೊಂದು ಎಲೆಯನ್ನೂ ಜಗ್ಗಿ ನೇರ ಮಾಡುತ್ತಿದ್ದರು. ಬುಡ ಒಂದೇ ಸಾಲಿಗೆ ಬರಬೇಕು, ಒಂದರ ಮೈ ಇನ್ನೊಂದಕ್ಕೆ ತಾಗಬಾರದು. ಹಾಸುವಾಗ ಕಂದು ಬಣ್ಣಕ್ಕೆ ಪಳಪಳ ಹೊಳೆಯುತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿ, ಚರ್ಮದ ಬೆಲ್ಟಿನ ಹಾಗೆ ಬಿಗಿಯಾಗಿತ್ತು. ಅದೇ ದಿನ ಒಣಗಬೇಕು, ಇಲ್ಲದಿದ್ದರೆ ದರ್ಜೆ ಇಳಿಯುತ್ತದೆ. ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೆ ಎಲ್ಲರ ತಲೆಯೂ ಮೇಲೆ. ಮಲೆನಾಡಲ್ಲಿ ಅಂಗಳದ ತುಂಬ ಅಡಿಕೆ ಹರಡಿದ್ದಾಗ ಮಳೆ ಹನಿ ಬಿದ್ದರೆ ಹೇಗಿರುತ್ತದೋ ಹಾಗೆ. ಆ ಕಲ್ಲಿನ ಬಯಲು ಖಾಲಿ ಇದ್ದರೂ ಅದರ ಮೇಲೆ ಕಾಲಿಡಬೇಡಿ. ಅದು ಅವರ ಕಣ. ನೋಡಿದರೆ ಸುಮ್ನೆ ಕಲ್ಲು ಸುರಿದ ಜಾಗದ ಹಾಗಿರುತ್ತದೆ, ಅದಕ್ಕೇ ಪ್ರವಾಸಿಗರು ತುಳಿದು ಬೈಸಿಕೊಳ್ಳುತ್ತಾರೆ.

ಈ ಕೊಂಬಿನ ಸಾರ ತಿಳಿಯಾಗಿ, ಬಣ್ಣವಿಲ್ಲದೆ ಬರುತ್ತದೆ. ಅದಕ್ಕೇ ಕ್ಯೋಟೊದ ಅಡುಗೆಯವರಿಗೆ ರಿಶಿರಿ ಕೊಂಬು ಅಂದರೆ ಪ್ರಾಣ. ಬಾಯಲ್ಲಿ ನಿಲ್ಲುವ ಆ ರುಚಿ ಗ್ಲುಟಮೇಟ್ ಎಂಬ ವಸ್ತುವಿನದ್ದು. ರುಚಿಯ ಮೂಲ ಅದೇ ಅಂತ 1908ರಲ್ಲಿ ಕಿಕುನಾಯೆ ಇಕೆದಾ ಎಂಬ ವಿಜ್ಞಾನಿ ಕಂಡುಕೊಂಡದ್ದು ಕೊಂಬಿನ ಸಾರದಿಂದಲೇ. ಆ ರುಚಿಗೆ ‘ಉಮಾಮಿ’ ಅಂತ ಹೆಸರಿಟ್ಟವರೂ ಅವರೇ.

ಈಗ ಅಮ್ಮನ ಊಟ. ನೇರವಾಗಿ ಹೇಳುತ್ತೇನೆ, ಕಷ್ಟ ಇದೆ. ಇದು ಮೀನುಗಾರರ ದ್ವೀಪ. ಬೇಸಿಗೆಯಲ್ಲಿ ಎಲ್ಲರೂ ಇಲ್ಲಿಗೆ ಬರುವುದು ‘ಉನಿ’ ತಿನ್ನಲು, ಅಂದರೆ ಮುಳ್ಳುಚೆಂಡಿನ ಹಾಗಿರುವ ಕಡಲ ಜೀವಿಯ ಒಳಗಿನ ಹಳದಿ ತಿರುಳು. ಅದೂ ಇದೇ ಕೊಂಬನ್ನು ತಿಂದೇ ಕೊಬ್ಬುತ್ತದೆ, ಅದಕ್ಕೇ ಅಷ್ಟು ರುಚಿ ಅನ್ನುತ್ತಾರೆ. ನೀವಿಬ್ಬರು ತಿನ್ನುವವರಾದರೆ ಬಿಸಿ ಅನ್ನದ ಮೇಲೆ ಹಾಕಿಸಿಕೊಂಡು ಒಮ್ಮೆ ತಿನ್ನಿ. ಅಗ್ಗವಲ್ಲ. ಅಮ್ಮನ ಮಟ್ಟಿಗೆ ನಿಜವಾದ ತೊಂದರೆ ಕಣ್ಣಿಗೆ ಕಾಣುವ ಮೀನಲ್ಲ, ಕಾಣದ ಮೀನು. ತರಕಾರಿ ಸೂಪು, ನೂಡಲ್ಸ್, ಬೇಯಿಸಿದ ಮೂಲಂಗಿ, ಎಲ್ಲದರ ಸಾರಕ್ಕೂ ಒಣಗಿಸಿದ ಕಾತ್ಸುಓ ಮೀನಿನ ತುರಿ ಬಿದ್ದಿರುತ್ತದೆ. ಬರೀ ‘ಸಸ್ಯಾಹಾರಿ’ ಅಂದರೆ ಅವರಿಗೆ ಅದು ಹೊಳೆಯುವುದಿಲ್ಲ. ಹಾಗಾಗಿ ಕೋಣೆ ಬುಕ್ ಮಾಡುವಾಗಲೇ ಹೀಗೆ ಬರೆಯಿರಿ: ‘ನಿಕು ಮೊ ಸಕಾನಾ ಮೊ ತಾಬೆಮಾಸೆನ್, ಕಾತ್ಸುಓ ದಾಶಿ ಮೊ ದಾಮೆ ದೆಸು, ಕೊಂಬು ದಾಶಿ ವಾ ದೈಜೊಬು ದೆಸು.’ ಮಾಂಸ, ಮೀನು ತಿನ್ನುವುದಿಲ್ಲ, ಕಾತ್ಸುಓ ಸಾರವೂ ಬೇಡ, ಕೊಂಬು ಸಾರ ಆಗುತ್ತದೆ ಅಂತ ಅರ್ಥ. ಕೊಂಬಿನ ಊರಿನಲ್ಲಿ ಈ ಕೊನೆಯ ಮಾತಿಗೆ ಬೆಲೆ ಜಾಸ್ತಿ. ಇದು ಬೇಡ, ಅದು ಬೇಡ ಅಂತಷ್ಟೇ ಹೇಳುವ ಅತಿಥಿಗಿಂತ, ನಿಮ್ಮ ಕೊಂಬು ಸಾಕು ಅನ್ನುವ ಅತಿಥಿಗೆ ಅಡುಗೆಮನೆ ಬೇಗ ತೆರೆಯುತ್ತದೆ. ಬಂದ ದಿನ ಬಾಯಲ್ಲಿ ಹೇಳಿದರೆ ಮಾತ್ರ ಏನೂ ಆಗುವುದಿಲ್ಲ, ವಾರ ಮುಂಚೆಯೇ ತಿಳಿಸಬೇಕು.

ಇಷ್ಟಾದರೂ ಚೀಲದಲ್ಲಿ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಬಿಸಿಬೇಳೆ ಬಾತಿನ ಪ್ಯಾಕೆಟ್, ಚಟ್ನಿಪುಡಿ ಇರಲಿ. ಹಸಿ ಹಣ್ಣು, ತರಕಾರಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಓಶಿದೊಮಾರಿ, ಕುತ್ಸುಗಾತಾ ಎರಡೂ ಊರಲ್ಲಿ ಸೆಯ್ಕೊಮಾರ್ಟ್ ಅಂಗಡಿ ಇದೆ. ಅಲ್ಲಿ ಅನ್ನದ ಉಂಡೆ, ಹಾಲು, ಹಣ್ಣು ಸಿಗುತ್ತವೆ.

ದ್ವೀಪ ಸುತ್ತುವುದಕ್ಕೆ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಬಸ್ಸು ಇದೆ, ಆದರೆ ದಿನಕ್ಕೆ ಕೆಲವೇ ಸಲ. ಅಮ್ಮನನ್ನು ಗಾಳಿಯಲ್ಲಿ ಕಾಯಿಸುವುದು ಬೇಡ. ಜಪಾನಿನಲ್ಲೂ ನಮ್ಮ ಹಾಗೆ ಎಡಬದಿಯಲ್ಲೇ ಓಡಿಸುವುದು. ಇಲ್ಲಿಂದ ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಆಯಿತು. ಓಶಿದೊಮಾರಿ ಬಂದರಿನಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಹೊರಡಿ. ಆಗ ಸಮುದ್ರ ನಿಮ್ಮ ಎಡಕ್ಕೇ ಇರುತ್ತದೆ, ಬೇಕೆಂದಲ್ಲಿ ಪಕ್ಕಕ್ಕೆ ನಿಲ್ಲಿಸಬಹುದು. ಸಂಜೆಗೆ ಸರಿಯಾಗಿ ಪಶ್ಚಿಮದ ದಂಡೆಗೂ ಬರುತ್ತೀರಿ.

ಮೊದಲು ಸಿಗುವುದು ಹಿಮೆನುಮಾ ಕೊಳ. 1917ರಲ್ಲಿ ಜನರೇ ಕಟ್ಟಿ, ಹಿಮೆಮಾಸು ಎಂಬ ಮೀನು ಬಿಟ್ಟದ್ದು, ಅದರಿಂದ ಈ ಹೆಸರು. ಸುತ್ತಲೂ ಮರದ ಹಲಗೆಯ ದಾರಿ, ಇಪ್ಪತ್ತು ನಿಮಿಷ ಸಾಕು. ಗಾಳಿ ಇಲ್ಲದ ಬೆಳಿಗ್ಗೆ ಬೆಟ್ಟ ತಲೆಕೆಳಗಾಗಿ ನೀರಲ್ಲಿ ನಿಂತಿರುತ್ತದೆ. ಹತ್ತು ಗಂಟೆ ಮೇಲೆ ಗಾಳಿ ಎದ್ದರೆ ಮುಗಿಯಿತು.

ಸ್ವಲ್ಪ ಮುಂದೆ ನೊಝುಕಾ ಎಂಬಲ್ಲಿ ಒಂದು ಸ್ಮಾರಕ ಇದೆ. ಹೆಚ್ಚಿನವರು ಕಾರು ನಿಲ್ಲಿಸುವುದೇ ಇಲ್ಲ. ನೀವು ನಿಲ್ಲಿಸಿ. 1848ರಲ್ಲಿ, ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ರಾನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ 24 ವರ್ಷದ ಹುಡುಗ ತಿಮಿಂಗಿಲ ಬೇಟೆಯ ಹಡಗಿನಿಂದ ಬೇಕಂತಲೇ ಒಂದು ಪುಟ್ಟ ದೋಣಿಯಲ್ಲಿ ಇಳಿದು ಇಲ್ಲಿಗೆ ಬಂದ. ತಾಯಿ ಅಮೆರಿಕದ ಚಿನೂಕ್ ಮೂಲನಿವಾಸಿ, ತಂದೆ ಸ್ಕಾಟ್ಲೆಂಡಿನವರು. ದಡ ಸೇರಿಸಿದವರು ಐನು ಜನ. ಆಮೇಲೆ ಜಪಾನಿನ ಅಧಿಕಾರಿಗಳು ಅವನನ್ನು ಹಿಡಿದು ದೂರದ ನಾಗಾಸಾಕಿಗೆ ಸಾಗಿಸಿದರು. ಅಲ್ಲಿ ಬಂಧನದಲ್ಲಿದ್ದುಕೊಂಡೇ 14 ಮಂದಿ ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ. ಅವರಲ್ಲೊಬ್ಬರಾದ ಮೊರಿಯಾಮಾ ಎಯ್ನೊಸುಕೆ ಮುಂದೆ ಅಮೆರಿಕದ ನೌಕಾಪಡೆಯ ಪೆರಿ ಬಂದಾಗ ಮಾತುಕತೆಯಲ್ಲಿ ದುಭಾಷಿಯಾಗಿದ್ದರು. ಜಪಾನಿನ ಇಂಗ್ಲಿಷ್ ಪಾಠದ ಕಥೆ ಈ ಗಾಳಿ ಹೊಡೆಯುವ ದಂಡೆಯಿಂದ ಹೊರಟದ್ದು ನೋಡಿ.

ದಕ್ಷಿಣದ ಓತಾತೊಮಾರಿ ಕೊಳ ಜ್ವಾಲಾಮುಖಿ ಸಿಡಿತದಿಂದ ಆದ ಹಳ್ಳದಲ್ಲಿ ನಿಂತ ನೀರು. ದ್ವೀಪದ ಅತಿ ದೊಡ್ಡ ಕೊಳ, ಪ್ರವಾಸಿ ಬಸ್ಸುಗಳೆಲ್ಲ ನಿಲ್ಲುವ ಜಾಗ. ಅಲ್ಲೇ ಹತ್ತಿರ ನುಮಾಉರಾ ಗುಡ್ಡದ ಮೇಲಿಂದ ಕಾಣುವ ಬೆಟ್ಟವನ್ನು ನೀವು ಈಗಾಗಲೇ ನೋಡಿರಬಹುದು. ಹೊಕ್ಕೈಡೊದಿಂದ ಬರುವವರೆಲ್ಲ ತರುವ ‘ಶಿರೊಯಿ ಕೊಯಿಬಿತೊ’ ಬಿಸ್ಕತ್ತಿನ ಡಬ್ಬದ ಮೇಲಿರುವ ಬೆಟ್ಟ ಇದೇ. ಉತ್ತರದಿಂದ ನೋಡಿದಾಗ ಚೊಕ್ಕ ತ್ರಿಕೋನ, ಇಲ್ಲಿಂದ ಅದೇ ಬೆಟ್ಟ ಹಲ್ಲು ಹಲ್ಲಾಗಿ, ಸ್ವಲ್ಪ ಸಿಟ್ಟಾಗಿ ಕಾಣುತ್ತದೆ. ಇನ್ನೂ ಮುಂದೆ ಮಲಗಿದ ಕರಡಿಯ ಬಂಡೆ, ಮನುಷ್ಯನ ಮುಖದ ಬಂಡೆ ಅಂತ ಫಲಕಗಳು ಬರುತ್ತವೆ. ನನಗೆ ಕರಡಿ ಕಂಡಿತು, ಮುಖ ಕಾಣಲಿಲ್ಲ. ಸಂಜೆಗೆ ಕುತ್ಸುಗಾತಾ ಸೇರಿ. ಅಲ್ಲಿ ಕಪ್ಪು ಲಾವಾ ಹರಿದು ಸಮುದ್ರಕ್ಕೇ ಇಳಿದು ಗಟ್ಟಿಯಾಗಿದೆ. ಅದರ ಮೇಲೆ ನಿಂತರೆ ಸೂರ್ಯ ಪಕ್ಕದ ರೆಬುನ್ ದ್ವೀಪದ ಕಡೆ ಇಳಿಯುವುದು ಕಾಣುತ್ತದೆ. ರೆಬುನ್‌ಗೂ ಹೋಗಬಹುದು, ಹಡಗಿನಲ್ಲಿ ಸುಮಾರು 45 ನಿಮಿಷ, ಹೂವಿನ ದ್ವೀಪ ಅಂತಲೇ ಹೆಸರು. ಆದರೆ ಇಷ್ಟೇ ದಿನದಲ್ಲಿ ಎರಡನ್ನೂ ತುರುಕಬೇಡಿ.

ಇನ್ನು ನಿಮ್ಮ ಚಾರಣ. ಕುಮಾರ ಪರ್ವತ 1,712 ಮೀಟರ್, ರಿಶಿರಿ 1,721. ಅಂಕಿ ಹಿಂದೆಮುಂದೆ ಆಗಿದೆ ಅಷ್ಟೇ, ಅಲ್ವಾ? ಓಶಿದೊಮಾರಿ ಕಡೆಯ ದಾರಿ ಸುಮಾರು 200 ಮೀಟರ್ ಎತ್ತರದ ಕ್ಯಾಂಪ್ ಬಯಲಿನಿಂದ ಶುರುವಾಗುತ್ತದೆ. ಅಂದರೆ ಹತ್ತುವುದು 1,500 ಮೀಟರ್, ಹೆಚ್ಚುಕಡಿಮೆ ಕುಕ್ಕೆಯಿಂದ ಹತ್ತಿದಷ್ಟೇ. ವ್ಯತ್ಯಾಸ ಇರುವುದು ಬೇರೆ ಕಡೆ. ಕುಮಾರ ಪರ್ವತದಲ್ಲಿ ಅರ್ಧ ದಾರಿಗೆ ಭಟ್ಟರ ಮನೆ ಇದೆ, ಬಿಸಿ ಅನ್ನ ಸಾರು ಇದೆ. ಇಲ್ಲಿ ಅಂಥ ಮನೆ ಇಲ್ಲ. ಟೆಂಟ್ ಹಾಕುವಂತಿಲ್ಲ. ದಾರಿಯುದ್ದಕ್ಕೂ ಗುರುತಿಸಿರುವ ಹಂತಗಳಲ್ಲಿ ಎಂಟನೆಯದು ದಾಟಿದ ಮೇಲೆ ಒಂದು ಆಪತ್ಕಾಲದ ಗುಡಿಸಲು ಇದೆ, ಅಷ್ಟೇ. ಒಂದೇ ದಿನದಲ್ಲಿ ಹತ್ತಿ ಇಳಿಯಬೇಕು. ಹತ್ತಲು ಸುಮಾರು 6 ಗಂಟೆ, ಇಳಿಯಲು 4. ಬೆಳಿಗ್ಗೆ ನಾಲ್ಕೂವರೆಗೆಲ್ಲ ಹೊರಟಿರಬೇಕು. ಕಾನ್ರೊಸೆನ್ಸುಯ್ ದಾಟಿದರೆ ಮುಂದೆ ಒಂದು ಹನಿ ನೀರು ಸಿಗುವುದಿಲ್ಲ, ತಲೆಗೆ ಎರಡೂವರೆ ಲೀಟರ್ ಹೊತ್ತುಕೊಳ್ಳಿ.

ಎಂಟನೇ ಹಂತ ಚೋಕಾನ್‌ಝಾನ್, 1,218 ಮೀಟರ್. ಅಲ್ಲಿಯವರೆಗೆ ಕಾಡು, ಪೊದೆ. ಅಲ್ಲಿ ತಲುಪಿದಾಗ ತುದಿ ಒಮ್ಮೆಲೇ ಎದುರಿಗೆ ಬರುತ್ತದೆ. ಒಂಬತ್ತನೇ ಹಂತದ ಫಲಕದಲ್ಲಿ ‘ನಿಜವಾದ ಪರೀಕ್ಷೆ ಇಲ್ಲಿಂದ’ ಎಂಬರ್ಥದ ಸಾಲಿದೆ. ಸುಳ್ಳಲ್ಲ. ಮೇಲೆ ಕೆಂಪು ಜಲ್ಲಿಯ ಹಾಗಿರುವ ಲಾವಾ ಪುಡಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಜನ ಹತ್ತುವ ಉತ್ತರ ಶಿಖರ 1,719 ಮೀಟರ್, ಅಲ್ಲೊಂದು ಪುಟ್ಟ ಗುಡಿ ಇದೆ. ಅದಕ್ಕಿಂತ ಎರಡು ಮೀಟರ್ ಹೆಚ್ಚು ಎತ್ತರದ ದಕ್ಷಿಣ ಶಿಖರದ ದಾರಿ ಕುಸಿದಿರುವುದರಿಂದ ಅತ್ತ ಹೋಗುವಂತಿಲ್ಲ. ತುದಿಯ ಹತ್ತಿರ ಜಲ್ಲಿಯ ನಡುವೆ ತೆಳು ಹಳದಿಯ ಒಂದು ಹೂವು ಕಂಡರೆ ಬಗ್ಗಿ ನೋಡಿ. ಅದು ರಿಶಿರಿ ಹಿನಾಗೆಶಿ, ಗಸಗಸೆ ಜಾತಿಯದ್ದು, ಕಾಡಿನಲ್ಲಿ ತಾನಾಗಿ ಬೆಳೆಯುವುದು ಈ ದ್ವೀಪದಲ್ಲಿ ಮಾತ್ರ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ಈ ಬೆಟ್ಟದಲ್ಲಿ ಬಯಲಿಗೆ ಹೋಗುವಂತಿಲ್ಲ. ಊರಿನ ಅಂಗಡಿಗಳಲ್ಲಿ ಚೀಲದಂಥ ‘ಕೈ ಶೌಚಾಲಯ’ ಮಾರುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಖಾಲಿ ಗೂಡುಗಳಿವೆ, ಅದರೊಳಗೆ ಬಳಸಿ, ಕಟ್ಟಿ, ನಿಮ್ಮದೇ ಚೀಲದಲ್ಲಿ ಕೆಳಗೆ ತಂದು ಡಬ್ಬಕ್ಕೆ ಹಾಕಬೇಕು. ಊರುಗೋಲಿನ ತುದಿಗೆ ರಬ್ಬರ್ ಟೋಪಿ ಕಡ್ಡಾಯ, ಗಿಡಗಳ ಮೇಲೆ ಕೂರಬಾರದು. ಈ ಮೂರನ್ನು ‘ರಿಶಿರಿ ನಿಯಮ’ ಅಂತಲೇ ಕರೆಯುತ್ತಾರೆ. ನಮ್ಮ ಬೆಟ್ಟಗಳಿಗೂ ಬರಬಾರದಾ ಅನಿಸಿತ್ತು ನನಗೆ.

ಕರಡಿ ಭಯ ಇಲ್ಲ. ಹೊಕ್ಕೈಡೊ ತುಂಬ ಕಂದು ಕರಡಿ ಇದ್ದರೂ ಈ ದ್ವೀಪದಲ್ಲಿ ಇಲ್ಲ, ಹಾವೂ ಇಲ್ಲ. 2018ರ ಬೇಸಿಗೆಯಲ್ಲಿ ಮಾತ್ರ ಒಂದು ಕರಡಿ ಸುಮಾರು 20 ಕಿಲೋಮೀಟರ್ ಸಮುದ್ರ ಈಜಿ ಬಂದಿತ್ತು. ದಂಡೆಯ ಮರಳಲ್ಲಿ ಹೆಜ್ಜೆ ಕಂಡು ಊರೆಲ್ಲ ಗದ್ದಲ. ಅದಕ್ಕೆ ಮುಂಚೆ ಕರಡಿ ಬಂದದ್ದು 1912ರಲ್ಲಿ. 2018ರದ್ದು ಕೆಲವು ವಾರ ಅಡ್ಡಾಡಿ, ಬಂದ ಹಾಗೇ ಕಾಣೆಯಾಯಿತು. ಹೆಣ್ಣು ಹುಡುಕಿಕೊಂಡು ಬಂದಿತ್ತು, ಸಿಗಲಿಲ್ಲ, ಹೋಯಿತು ಅಂತ ಜನ ನಗುತ್ತಾರೆ.

ನೀವು ಬೆಟ್ಟದಲ್ಲಿರುವ ದಿನ ಅಮ್ಮ ಮತ್ತು ಹೆಂಡತಿ ಬಂದರಿನ ಪಕ್ಕದ ಪೆಶಿ ಗುಡ್ಡಕ್ಕೆ ಹೋಗಲಿ. 93 ಮೀಟರ್ ಅಷ್ಟೇ, ಆದರೆ ಏರು ಕಡಿದು. ಅಮ್ಮನ ಮಂಡಿ ಒಪ್ಪದಿದ್ದರೆ ಅರ್ಧಕ್ಕೆ ನಿಂತರೂ ಬಂದರು, ಹಡಗು, ಬೆಟ್ಟ ಮೂರೂ ಕಾಣುತ್ತವೆ. ಓಶಿದೊಮಾರಿಯಲ್ಲಿ ಬಿಸಿನೀರಿನ ಸಾರ್ವಜನಿಕ ಸ್ನಾನಗೃಹವೂ ಇದೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ, ಆದರೆ ಒಳಗೆ ಬಟ್ಟೆ ಹಾಕಿಕೊಳ್ಳುವ ಹಾಗಿಲ್ಲ. ಅಮ್ಮನಿಗೆ ಇದನ್ನು ಮೈಸೂರಲ್ಲೇ ಹೇಳಿಬಿಡಿ.

ಹೋಗುವ ದಾರಿ: ಬೆಂಗಳೂರಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇದೆ. ಹೊಕ್ಕೈಡೊದ ಸಪ್ಪೊರೊದಿಂದ ವಾಕ್ಕನಾಯ್‌ಗೆ ರೈಲು 5 ಗಂಟೆ ಮೇಲೆ, ಅಲ್ಲಿಂದ ಹಡಗು 1 ಗಂಟೆ 40 ನಿಮಿಷ. ಸಪ್ಪೊರೊದಿಂದ ದ್ವೀಪಕ್ಕೇ ಸಣ್ಣ ವಿಮಾನವೂ ಹಾರುತ್ತದೆ, ಒಂದು ಗಂಟೆಯೂ ಹಿಡಿಯುವುದಿಲ್ಲ. ಆದರೆ ಮಂಜು ಮುಸುಕಿದರೆ ವಿಮಾನ ಮೊದಲು ರದ್ದಾಗುತ್ತದೆ, ಹಡಗು ಹೊರಟೇಬಿಡುತ್ತದೆ. ಅಮ್ಮನಿಗೆ ರೈಲು ದೂರವಾದರೂ ನಾನು ಹಡಗನ್ನೇ ಆರಿಸುತ್ತೇನೆ. ಹಗಲು 22 ಡಿಗ್ರಿ ಆಸುಪಾಸು ಇರುತ್ತದೆ, ಗಾಳಿಗೆ ಅದು ಇನ್ನೂ ಕಡಿಮೆ ಅನಿಸುತ್ತದೆ. ಸ್ವೆಟರ್, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಕೋಣೆಗಳು ಕಡಿಮೆ, ಜುಲೈಯಲ್ಲಿ ಎಲ್ಲ ತುಂಬಿರುತ್ತವೆ. ಟಿಕೆಟ್‌ಗಿಂತ ಮೊದಲು ಕೋಣೆ ನೋಡಿ.

ವಾಪಸ್ ಬರುವಾಗ ಒಂದು ಕಟ್ಟು ಕೊಂಬು ತನ್ನಿ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮುಂಚೆ ಎಲೆ ತೆಗೆದುಬಿಡಿ, ಕುದಿಸಿದರೆ ಲೋಳೆ ಬಿಡುತ್ತದೆ. ಆ ನೀರಲ್ಲಿ ನಿಂಬೆಹಣ್ಣಿನ ತಿಳಿಸಾರು ಮಾಡಿ ನೋಡಿ, ಉಪ್ಪು ಅರ್ಧ ಸಾಕು. ನಮ್ಮ ಮನೆಯಲ್ಲಿ ನನಗೆ ಹಿಡಿಸಿದೆ. ಉಳಿದವರು ಇನ್ನೂ ಒಪ್ಪಿಲ್ಲ.